ಕರೆ ಮಾಡಿದ ಅಧಿಕಾರಿಯ ಗುರುತಿನ ಚೀಟಿ

ಪಡಿತರ ಅಂಗಡಿಯಲ್ಲಿ ಅಕ್ಕಿ ಪಡೆಯಲು ಬೆರಳಚ್ಚು ಕೊಡುತ್ತೇವೆ. ಬ್ಯಾಂಕಿನಲ್ಲಿ ಖಾತೆ ತೆರೆಯಲು, ಹೊಸ ಸಿಮ್ ಕೊಳ್ಳಲು ಆಧಾರ್ ಸಂಖ್ಯೆ ಕೊಡುತ್ತೇವೆ, ಮೊಬೈಲಿಗೆ ಬಂದ ಒಟಿಪಿಯನ್ನು ಓದಿ ಹೇಳುತ್ತೇವೆ. ಪಿಂಚಣಿದಾರರು ತಾವು ಬದುಕಿದ್ದೇವೆ ಎಂಬುದನ್ನೂ ಈಗ ಫೋನಿನ ಕ್ಯಾಮೆರಾಕ್ಕೆ ಮುಖ ತೋರಿಸಿಯೇ ಸಾಬೀತುಪಡಿಸಬಹುದು. ನಾಗರಿಕನೊಬ್ಬ ತಾನು ಯಾರೆಂದು ವ್ಯವಸ್ಥೆಗೆ ತೋರಿಸಿಕೊಡುವ ದಾರಿಗಳು ಕಳೆದ ಹತ್ತು ಹದಿನೈದು ವರ್ಷಗಳಲ್ಲಿ ಹೀಗೆ ಒಂದರ ಹಿಂದೊಂದು ಹುಟ್ಟಿಕೊಂಡವು. ಆದರೆ ವ್ಯವಸ್ಥೆಯ ಹೆಸರು ಹೇಳಿಕೊಂಡು ನಮ್ಮೊಡನೆ ಮಾತನಾಡುವವರು ನಿಜಕ್ಕೂ ಯಾರೆಂದು ನಾಗರಿಕ ತಿಳಿದುಕೊಳ್ಳುವ ದಾರಿಗಳು ಆ ವೇಗದಲ್ಲಿ ಹುಟ್ಟಲಿಲ್ಲ. ವಿಡಿಯೋ ಕರೆಯಲ್ಲೇ ‘ಬಂಧಿಸಿ’ ಹಣ ಕೀಳುವ ಡಿಜಿಟಲ್ ಅರೆಸ್ಟ್ ಎಂಬ ವಂಚನೆ ಬೆಳೆದಿರುವುದು ಈ ಅಂತರದಲ್ಲಿ ಎಂದು ನಾನು ನಂಬಿದ್ದೇನೆ. ಮೋಸ ಹೋದವರ ಅಜ್ಞಾನದಲ್ಲೋ ಅತಿಯಾಸೆಯಲ್ಲೋ ಅದರ ಬೇರನ್ನು ಹುಡುಕುವವರ ಮಾತನ್ನು ಒಪ್ಪಲು ನನ್ನಿಂದ ಸಾಧ್ಯವಾಗಿಲ್ಲ.

ಈ ವಂಚನೆಯ ಕ್ರಮ ಈಗ ಬಹುಪಾಲು ಜನರಿಗೆ ಗೊತ್ತು. ಮೊದಲು ಒಂದು ಧ್ವನಿಮುದ್ರಿತ ಕರೆ ಬರುತ್ತದೆ: ದೂರಸಂಪರ್ಕ ನಿಯಂತ್ರಣ ಸಂಸ್ಥೆಯಾದ ಟ್ರಾಯ್ ನಿಮ್ಮ ಸಂಖ್ಯೆಯನ್ನು ಎರಡು ಗಂಟೆಗಳಲ್ಲಿ ಸ್ಥಗಿತಗೊಳಿಸಲಿದೆ, ವಿವರಕ್ಕೆ ಇಂಥ ಅಂಕಿಯನ್ನು ಒತ್ತಿ. ಇಲ್ಲವೇ, ನಿಮ್ಮ ಹೆಸರಿನಲ್ಲಿ ವಿದೇಶಕ್ಕೆ ಹೊರಟ ಕೊರಿಯರ್ ಪೆಟ್ಟಿಗೆಯಲ್ಲಿ ಮಾದಕ ವಸ್ತು ಸಿಕ್ಕಿದೆ ಎನ್ನುತ್ತಾರೆ. ಅಲ್ಲಿಂದ ಕರೆ ‘ಮುಂಬೈ ಪೊಲೀಸ’ರಿಗೋ ‘ಸಿಬಿಐ’ಗೋ ವರ್ಗವಾಗಿ, ಕೂಡಲೇ ವಾಟ್ಸ್‌ಆ್ಯಪ್ ವಿಡಿಯೋಗೆ ಬರುವಂತೆ ಆದೇಶವಾಗುತ್ತದೆ. ಪರದೆಯ ಮೇಲೆ ಸಮವಸ್ತ್ರದ ವ್ಯಕ್ತಿ, ಹಿಂದೆ ರಾಷ್ಟ್ರಲಾಂಛನ, ಅಕ್ಕಪಕ್ಕದಲ್ಲಿ ಠಾಣೆಯ ಸದ್ದು. ಆಧಾರ್ ಸಂಖ್ಯೆಯನ್ನೂ ಕೆಲವೊಮ್ಮೆ ಹಳೆಯ ವಿಳಾಸವನ್ನೂ ಆತನೇ ಓದಿ ಹೇಳುತ್ತಾನೆ, ಏಕೆಂದರೆ ನಮ್ಮ ಮಾಹಿತಿ ಎಲ್ಲೆಲ್ಲಿಂದಲೋ ಸೋರಿ ಮಾರಾಟವಾಗಿ ಎಷ್ಟೋ ಕಾಲವಾಗಿದೆ. ಕ್ಯಾಮೆರಾ ಆರಿಸಬಾರದು, ಯಾರಿಗೂ ಹೇಳಬಾರದು, ಇದು ರಾಷ್ಟ್ರೀಯ ಭದ್ರತೆಯ ವಿಷಯ ಎಂಬ ಎಚ್ಚರಿಕೆ ಬರುತ್ತದೆ. ಕೊನೆಯಲ್ಲಿ, ತನಿಖೆ ಮುಗಿಯುವವರೆಗೆ ನಿಮ್ಮ ಹಣವನ್ನು ರಿಸರ್ವ್ ಬ್ಯಾಂಕಿನ ಪರಿಶೀಲನೆಗೆಂದು ಇಂಥ ಖಾತೆಗೆ ವರ್ಗಾಯಿಸಿ, ನಿರಪರಾಧಿ ಎಂದಾದರೆ ಮರಳಿ ಬರುತ್ತದೆ ಎಂಬ ಭರವಸೆ.

ಇದಕ್ಕೆ ಬಲಿಯಾದವರ ಪಟ್ಟಿಯನ್ನು ನೋಡಿದರೆ ಅಜ್ಞಾನದ ವಾದ ನಿಲ್ಲುವುದಿಲ್ಲ. 2024ರ ಆಗಸ್ಟಿನಲ್ಲಿ ವರ್ಧಮಾನ್ ಸಮೂಹದ ಅಧ್ಯಕ್ಷ ಎಸ್. ಪಿ. ಓಸ್ವಾಲ್ 7 ಕೋಟಿ ರೂಪಾಯಿ ಕಳೆದುಕೊಂಡರು. ಅವರ ಮುಂದೆ ಸುಪ್ರೀಂ ಕೋರ್ಟಿನ ನಕಲಿ ವಿಚಾರಣೆಯೊಂದನ್ನೇ ಆನ್‌ಲೈನಿನಲ್ಲಿ ನಡೆಸಲಾಗಿತ್ತು. ಅದೇ ವರ್ಷದ ಕೊನೆಯಲ್ಲಿ ಬೆಂಗಳೂರಿನ ಸಾಫ್ಟ್‌ವೇರ್ ಎಂಜಿನಿಯರ್ ಒಬ್ಬರು 11.8 ಕೋಟಿ ರೂಪಾಯಿ ಕಳೆದುಕೊಂಡರು. ತಂತ್ರಜ್ಞಾನವನ್ನೇ ಕಸುಬಾಗಿಸಿಕೊಂಡವರು ಅವರು. 2025ರ ಮಾರ್ಚಿನಲ್ಲಿ ಬೆಳಗಾವಿ ಜಿಲ್ಲೆಯ ವೃದ್ಧ ದಂಪತಿ ಹಣದ ಜೊತೆಗೆ ಪ್ರಾಣವನ್ನೂ ಕಳೆದುಕೊಂಡರು. ದೇಶದಲ್ಲಿ 2024ರೊಂದರಲ್ಲೇ ಎಲ್ಲ ಬಗೆಯ ಸೈಬರ್ ವಂಚನೆಗಳಿಂದ ಜನ ಕಳೆದುಕೊಂಡ ಮೊತ್ತ 22,845 ಕೋಟಿ ರೂಪಾಯಿ ಎಂದು ಕೇಂದ್ರ ಸರ್ಕಾರ ಸಂಸತ್ತಿಗೆ ತಿಳಿಸಿದೆ. ಆ ವರ್ಷದ ಅಕ್ಟೋಬರ್ 27ರಂದು ಪ್ರಧಾನಿ ತಮ್ಮ ಬಾನುಲಿ ಭಾಷಣದಲ್ಲಿ ಇಂಥ ಕರೆಯೊಂದರ ತುಣುಕನ್ನೇ ಕೇಳಿಸಿ, ತಡೆಯಿರಿ, ಯೋಚಿಸಿ, ಕ್ರಮ ಕೈಗೊಳ್ಳಿ ಎಂದರು. ಒಳ್ಳೆಯ ಮಾತು. ಆದರೆ ಕರೆಯ ಇಡೀ ರಚನೆ ಇರುವುದೇ ಮನುಷ್ಯನನ್ನು ಯೋಚಿಸದಂತೆ ಮಾಡಲು ಎಂಬುದನ್ನು ನಾನು ಹತ್ತಿರದಿಂದ ನೋಡಿದ್ದೇನೆ.

ನಮ್ಮ ಬೀದಿಯಲ್ಲಿ ನಿವೃತ್ತ ಶಿಕ್ಷಕಿಯೊಬ್ಬರಿದ್ದಾರೆ. ಮೂವತ್ತು ಚಿಲ್ಲರೆ ವರ್ಷ ಮಕ್ಕಳಿಗೆ ಗಣಿತ ಹೇಳಿಕೊಟ್ಟವರು, ತಪ್ಪು ಲೆಕ್ಕವನ್ನು ದೂರದಿಂದಲೇ ಹಿಡಿಯುವವರು. ಒಂದು ಬೆಳಿಗ್ಗೆ ಅವರ ಮನೆಗೆಲಸದ ಹೆಣ್ಣುಮಗಳು ನಮ್ಮ ಮನೆಗೆ ಬಂದು, ಟೀಚರಮ್ಮ ಯಾರೊಂದಿಗೋ ಹಿಂದಿಯಲ್ಲಿ ಮೆಲ್ಲಗೆ ಮಾತನಾಡುತ್ತಿದ್ದಾರೆ, ಒಳಗೆ ಬರಬೇಡ ಎಂದು ಕೈಸನ್ನೆ ಮಾಡಿದರು ಎಂದಳು. ನಾವು ಹೋಗಿ ಬಾಗಿಲು ತಟ್ಟಿದಾಗ ಅವರು ಅರ್ಧ ತೆರೆದು, ತುಟಿಯ ಮೇಲೆ ಬೆರಳಿಟ್ಟು, ಆಮೇಲೆ ಬನ್ನಿ ಎಂಬಂತೆ ತಲೆಯಾಡಿಸಿದರು. ಊಟದ ಮೇಜಿನ ಮೇಲೆ ನೀರಿನ ಚೊಂಬಿಗೆ ಒರಗಿಸಿಟ್ಟ ಫೋನು, ಪಕ್ಕದಲ್ಲಿ ಎರಡು ಪಾಸ್‌ಬುಕ್ಕು, ಹಳೆಯ ಕ್ಯಾಲೆಂಡರಿನ ಹಾಳೆಯ ಹಿಂಬದಿಯಲ್ಲಿ ಅವರದೇ ದುಂಡು ಅಕ್ಷರದಲ್ಲಿ ಬರೆದ ಠೇವಣಿಗಳ ಪಟ್ಟಿ. ಅಡುಗೆಮನೆಯಲ್ಲಿ ಕುಕ್ಕರು ಕೂಗುತ್ತಿತ್ತು. ಅವರು ಫೋನಿನತ್ತ ತಿರುಗಿ, ‘ಸರ್, ಗ್ಯಾಸ್ ಆರಿಸಿ ಬರಲೇ?’ ಎಂದು ಹಿಂದಿಯಲ್ಲಿ ಕೇಳಿದರು. ತಮ್ಮ ಸ್ವಂತ ಮನೆಯಲ್ಲಿ, ತಮ್ಮದೇ ಒಲೆಯನ್ನು ಆರಿಸಲು ಅನುಮತಿ ಕೇಳಿದರು. ಫೋನನ್ನು ಕೈಯಲ್ಲಿ ಹಿಡಿದುಕೊಂಡೇ ಹೋಗಬೇಕು ಎಂದು ಆ ಕಡೆಯ ಧ್ವನಿ ಅಪ್ಪಣೆ ಕೊಟ್ಟಿತು. ನಾವು ಫೋನು ಕಿತ್ತುಕೊಂಡು ಕರೆ ಕಡಿದ ಮೇಲೂ ಬಹಳ ಹೊತ್ತು ಅವರು ನಮ್ಮ ಮೇಲೆಯೇ ಸಿಟ್ಟಾಗಿದ್ದರು. ನಿಮ್ಮಿಂದಾಗಿ ಈಗ ನನ್ನ ಮೇಲೆ ಕೇಸು ಗಟ್ಟಿಯಾಗುತ್ತದೆ ಎಂದು ಅತ್ತರು. ಹಣ ಉಳಿಯಿತು. ಆದರೆ ಆ ಮೇಜಿನ ಮುಂದೆ ಕೂತಿದ್ದವರು ಮೋಸಕ್ಕೆ ಬಿದ್ದ ಮಂಕುಬುದ್ಧಿಯವರು ಎಂದು ಯಾರಾದರೂ ಅಂದರೆ ನನಗೆ ಸಹಿಸಲಾಗದು. ಜೀವಮಾನವಿಡೀ ಕಾನೂನಿಗೆ ತಲೆಬಾಗಿ ನಡೆದವರು ಅವರು, ವಂಚಕ ಬಳಸಿಕೊಂಡದ್ದು ಆ ಸದ್ಗುಣವನ್ನೇ.

ಆಮೇಲೆ ನಾನು ಕಾನೂನು ಏನು ಹೇಳುತ್ತದೆ ಎಂದು ತೆಗೆದು ಓದಿದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 43ನೆಯ ಕಲಮಿನ ಪ್ರಕಾರ, ಬಂಧಿಸುವ ಅಧಿಕಾರಿ ಬಂಧಿತನ ದೇಹವನ್ನು ಮುಟ್ಟಬೇಕು ಅಥವಾ ತಡೆಹಿಡಿಯಬೇಕು. ಆ ವ್ಯಕ್ತಿ ಮಾತಿನಿಂದಲೋ ಕೃತಿಯಿಂದಲೋ ತಾನಾಗಿ ವಶಕ್ಕೆ ಒಪ್ಪಿಸಿಕೊಂಡರೆ ಮಾತ್ರ ಅದರ ಅಗತ್ಯವಿಲ್ಲ. ಎದುರಿಗೆ ನಿಂತ ಪೊಲೀಸರಿಗಾಗಿ ಬರೆದ ಈ ಮಾತನ್ನು ಓದಿದಾಗ ಟೀಚರು ಗ್ಯಾಸ್ ಆರಿಸಲು ಅನುಮತಿ ಕೇಳಿದ್ದು ನೆನಪಾಯಿತು: ದೂರದಲ್ಲೆಲ್ಲೋ ಕುಳಿತ ವಂಚಕನಿಗೆ ಬೇಕಾಗಿರುವುದು ಈ ಒಪ್ಪಿಸಿಕೊಳ್ಳುವಿಕೆ ಒಂದೇ. ಅದಕ್ಕಿಂತ ಮುಖ್ಯವಾಗಿ ನನ್ನ ಕಣ್ಣಿಗೆ ಬಿದ್ದದ್ದು 36ನೆಯ ಕಲಮು. ಬಂಧಿಸುವ ಅಧಿಕಾರಿಯ ಹೆಸರು ಸ್ಪಷ್ಟವಾಗಿ ಕಾಣುವಂತೆ ಇರಬೇಕು, ಬಂಧನದ ಪತ್ರ ಬರೆಯಬೇಕು, ಅದಕ್ಕೆ ಬಂಧಿತನ ಮನೆಯವರೊಬ್ಬರೋ ಆ ಪ್ರದೇಶದ ಗಣ್ಯರೊಬ್ಬರೋ ಸಾಕ್ಷಿಯಾಗಿ ಸಹಿ ಹಾಕಬೇಕು ಎಂದು ಅದು ಹೇಳುತ್ತದೆ. ಅಂದರೆ, ನಮ್ಮ ಕಾನೂನಿನ ದೃಷ್ಟಿಯಲ್ಲಿ ಬಂಧನ ಎಂಬುದು ನೆರೆಹೊರೆಯ ಕಣ್ಣೆದುರು ನಡೆಯಬೇಕಾದ ಕ್ರಿಯೆ. ವಂಚಕನ ಮೊದಲ ಷರತ್ತು ಇದರ ತದ್ವಿರುದ್ಧ: ಬಾಗಿಲು ಹಾಕಿಕೊಳ್ಳಿ, ಮಗನಿಗೂ ಹೇಳಬೇಡಿ. ಯಾವ ಅಧಿಕಾರಿ ವಿಷಯವನ್ನು ನಿಮ್ಮವರಿಂದ ಮುಚ್ಚಿಡಲು ಹೇಳುತ್ತಾನೋ ಆತ ಅಧಿಕಾರಿಯಲ್ಲ ಎಂಬ ಈ ಒಂದು ತಿಳಿವಳಿಕೆ ಮನೆಯ ಹಿರಿಯರಿಗೆ ಮುಟ್ಟಿದರೆ, ಹತ್ತು ಆ್ಯಪ್‌ಗಳಿಗಿಂತ ಹೆಚ್ಚಿನ ರಕ್ಷಣೆ ದೊರೆಯುತ್ತದೆ.

ಹಾಗಿದ್ದೂ ಜನ ನಂಬುವುದು ಏಕೆ? ಕೋವಿಡ್ ಕಾಲದಿಂದ ನ್ಯಾಯಾಲಯಗಳ ಕಲಾಪ ನಿಜವಾಗಿಯೂ ವಿಡಿಯೋದಲ್ಲಿ ನಡೆಯುತ್ತಿದೆ, ನಮ್ಮ ಹೈಕೋರ್ಟಿನ ವಿಚಾರಣೆಗಳನ್ನು ಯೂಟ್ಯೂಬಿನಲ್ಲಿ ಯಾರು ಬೇಕಾದರೂ ನೋಡಬಹುದು, ಹೊಸ ಸಂಹಿತೆ ಸಮನ್ಸನ್ನು ವಿದ್ಯುನ್ಮಾನ ರೂಪದಲ್ಲಿ ಕಳುಹಿಸಲೂ ಅವಕಾಶ ಕೊಟ್ಟಿದೆ. ಇವೆಲ್ಲ ನ್ಯಾಯವನ್ನು ಸುಲಭಗೊಳಿಸಿದ ಒಳ್ಳೆಯ ಬದಲಾವಣೆಗಳೇ. ಆದರೆ ಅಧಿಕಾರ ಪರದೆಯ ಮೇಲೆ ಬರುವುದು ಸಹಜವಾದ ದಿನದಿಂದ ಅದರ ವೇಷವೂ ಪರದೆಯ ಮೇಲೆ ಸುಲಭವಾಯಿತು. ಮೊದಲು ಠಾಣೆಯ ಕಟ್ಟಡ, ಜೀಪು, ಕರಿಯ ಕೋಟು, ಮೊಹರು ಇವೆಲ್ಲವೂ ಸೇರಿ ಕೊಡುತ್ತಿದ್ದ ಖಾತರಿಯನ್ನು ಈಗ ಆರು ಅಂಗುಲದ ಗಾಜು ಕೊಡಬೇಕಾಗಿದೆ.

ಆ ಕಡೆ ಕುಳಿತವರ ಕಥೆಯೂ ಸರಳವಲ್ಲ. ಇಂಥ ಕರೆಗಳ ದೊಡ್ಡ ಪಾಲು ಕಾಂಬೋಡಿಯಾ, ಮ್ಯಾನ್ಮಾರ್, ಲಾವೋಸ್‌ಗಳ ಬೇಲಿ ಹಾಕಿದ ಆವರಣಗಳಿಂದ ಬರುತ್ತದೆ. ಡೇಟಾ ಎಂಟ್ರಿ ಕೆಲಸ, ಕೈತುಂಬ ಸಂಬಳ ಎಂಬ ಆಸೆ ತೋರಿಸಿ ಕರೆದೊಯ್ದ ಭಾರತೀಯ ಯುವಕರ ಪಾಸ್‌ಪೋರ್ಟು ಕಿತ್ತುಕೊಂಡು, ಅವರ ಬಾಯಿಂದಲೇ ಅವರ ದೇಶದವರನ್ನು ದೋಚಿಸುವ ದಂಧೆ ಅಲ್ಲಿ ನಡೆಯುತ್ತದೆ. 2025ರ ಮಾರ್ಚಿನಲ್ಲಿ ಮ್ಯಾನ್ಮಾರಿನ ಗಡಿಯಿಂದ ಬಿಡುಗಡೆಯಾದ ಐನೂರಕ್ಕೂ ಹೆಚ್ಚು ಭಾರತೀಯರನ್ನು ಥಾಯ್ಲೆಂಡಿನ ಮೇ ಸೋಟ್‌ನಿಂದ ವಾಯುಪಡೆಯ ವಿಮಾನಗಳು ಕರೆತಂದವು. ಇತ್ತ ಹಣ ಹರಿಯಲು ಬೇಕಾದ ಬಾಡಿಗೆ ಖಾತೆಗಳು ನಮ್ಮ ಊರುಗಳಲ್ಲೇ ಸಿಗುತ್ತವೆ. ಕೆಲವು ಸಾವಿರ ರೂಪಾಯಿಗೆ ತಮ್ಮ ಪಾಸ್‌ಬುಕ್ಕು, ಎಟಿಎಂ ಕಾರ್ಡು, ಸಿಮ್ ಮೂರನ್ನೂ ಒಪ್ಪಿಸುವ ಕಾಲೇಜು ಹುಡುಗರಿಗೆ ತಾವು ಯಾರದೋ ನಿವೃತ್ತಿಯ ಹಣದ ಕಾಲುವೆಯಾಗುತ್ತಿದ್ದೇವೆ ಎಂಬ ಅರಿವು ಬಹುಶಃ ಪೊಲೀಸರು ಬಾಗಿಲಿಗೆ ಬಂದಾಗಲೇ ಆಗುತ್ತದೆ.

ನಂಬಿಕೆಗೆ ಪೆಟ್ಟು ಬೀಳಲು ಕರೆಯೇ ಬರಬೇಕೆಂದಿಲ್ಲ. 2023ರಲ್ಲಿ ಬೆಂಗಳೂರು, ಮಂಗಳೂರು ಮುಂತಾದ ಕಡೆ ಆಸ್ತಿ ನೋಂದಣಿ ಮಾಡಿಸಿದ್ದ ಜನರ ಖಾತೆಗಳಿಂದ ಒಟಿಪಿಯೂ ಇಲ್ಲದೆ ಹಣ ಮಾಯವಾಗತೊಡಗಿತು. ಆಸ್ತಿ ನೋಂದಣಿಯ ಸರ್ಕಾರಿ ಜಾಲತಾಣವಾದ ಕಾವೇರಿ ಪೋರ್ಟಲಿನಲ್ಲಿ ಸಿಗುತ್ತಿದ್ದ ನೋಂದಾಯಿತ ಪತ್ರಗಳ ಮೇಲಿನ ಹೆಬ್ಬೆಟ್ಟಿನ ಗುರುತನ್ನು ನಕಲು ಮಾಡಿ, ಆಧಾರ್ ಆಧಾರಿತ ಪಾವತಿ ವ್ಯವಸ್ಥೆಯ ಮೂಲಕ ಒಮ್ಮೆಗೆ 10,000 ರೂಪಾಯಿವರೆಗೆ ಸೆಳೆಯಲಾಗಿತ್ತು ಎಂಬುದು ತನಿಖೆಯಲ್ಲಿ ಹೊರಬಂತು. ಅನಂತರ ಪೊಲೀಸರು ಆಧಾರಿನ ಬಯೋಮೆಟ್ರಿಕ್ ಲಾಕ್ ಮಾಡಿಕೊಳ್ಳಿ ಎಂದರು, ಕಂದಾಯ ಇಲಾಖೆ ಪತ್ರಗಳಲ್ಲಿ ಬೆರಳಚ್ಚು ಮರೆಮಾಡುವ ಕ್ರಮಕ್ಕೆ ಮುಂದಾಯಿತು. ಪಾಸ್‌ವರ್ಡ್ ಬದಲಿಸಬಹುದು, ಹೆಬ್ಬೆಟ್ಟನ್ನು ಬದಲಿಸುವುದು ಹೇಗೆ? ಸರ್ಕಾರ ಕೇಳಿದ್ದಕ್ಕೇ ಕೊಟ್ಟ ಗುರುತು ಹೀಗೆ ಬೀದಿಗೆ ಬಿದ್ದಾಗ, ಹುಷಾರಾಗಿರಿ ಎಂಬ ಬುದ್ಧಿವಾದವನ್ನು ಜನರಿಗಷ್ಟೇ ಹೇಳಿ ಸುಮ್ಮನಾಗುವುದು ನ್ಯಾಯವಲ್ಲ.

ಇದೆಲ್ಲದರ ಪರಿಣಾಮ ನಮ್ಮ ನಡವಳಿಕೆಯಲ್ಲಿ ಕಾಣುತ್ತಿದೆ. ಗೊತ್ತಿಲ್ಲದ ಸಂಖ್ಯೆಯನ್ನು ಈಗ ಬಹಳ ಜನ ಎತ್ತುವುದೇ ಇಲ್ಲ. ಅಪಘಾತವಾದ ಸ್ಥಳದಿಂದ ಯಾರೋ ಪುಣ್ಯಾತ್ಮರು ಮಾಡಿದ ಕರೆ, ಪ್ರಯೋಗಾಲಯದಿಂದ ವರದಿ ತಿಳಿಸಲು ಬಂದ ಕರೆ, ಠಾಣೆಯಿಂದ ಪಾಸ್‌ಪೋರ್ಟ್ ಪರಿಶೀಲನೆಗೆಂದು ಬಂದ ಕರೆ ಎಲ್ಲವೂ ಒಂದೇ ಅನುಮಾನಕ್ಕೆ ಗುರಿಯಾಗುತ್ತವೆ. ವಂಚಕ ಕದ್ದ ಹಣದ ಲೆಕ್ಕ ಸಂಸತ್ತಿನಲ್ಲಿ ಸಿಗುತ್ತದೆ. ಅಪರಿಚಿತನ ಮಾತನ್ನು ಒಂದು ನಿಮಿಷ ಕೇಳುವ ನಮ್ಮ ಸೌಜನ್ಯ ಎಷ್ಟು ಸವೆದಿದೆ ಎಂಬುದಕ್ಕೆ ಲೆಕ್ಕವಿಲ್ಲ. ನನಗೆ ಹೆಚ್ಚು ನೋವು ಕೊಡುವುದು ಈ ಎರಡನೆಯ ನಷ್ಟ.

ಅಂತರವನ್ನು ತುಂಬುವ ಪ್ರಯತ್ನಗಳು ನಿಧಾನವಾಗಿ ಶುರುವಾಗಿವೆ. ಜಾರಿ ನಿರ್ದೇಶನಾಲಯ ತನ್ನ ಸಮನ್ಸುಗಳಲ್ಲಿ ಕ್ಯೂಆರ್ ಕೋಡ್ ಮುದ್ರಿಸುತ್ತಿದೆ, ಅದನ್ನು ಸ್ಕ್ಯಾನ್ ಮಾಡಿ ಸಮನ್ಸು ಅಸಲಿಯೇ ಎಂದು ಪಡೆದವರು ನೋಡಿಕೊಳ್ಳಬಹುದು. ಬ್ಯಾಂಕುಗಳ ಜಾಲತಾಣಗಳು ಬ್ಯಾಂಕ್ ಡಾಟ್ ಇನ್ ಎಂಬ ಪ್ರತ್ಯೇಕ ವಿಳಾಸಕ್ಕೆ ಹೋಗಬೇಕೆಂದು ರಿಸರ್ವ್ ಬ್ಯಾಂಕ್ 2025ರ ಅಕ್ಟೋಬರ್ 31ರ ಗಡುವು ಹಾಕಿತು. ಬ್ಯಾಂಕುಗಳ ಸೇವಾ ಕರೆಗಳಿಗೆ 1600ರಿಂದ ಆರಂಭವಾಗುವ ಸಂಖ್ಯೆಗಳನ್ನು ಮೀಸಲಿಡಲಾಗಿದೆ. ಹರಿಯಾಣದ ವೃದ್ಧ ದಂಪತಿಯೊಬ್ಬರು ನಕಲಿ ನ್ಯಾಯಾಲಯದ ಆದೇಶಕ್ಕೆ ಬೆದರಿ ಕೋಟಿ ರೂಪಾಯಿ ಕಳೆದುಕೊಂಡ ಪ್ರಕರಣವನ್ನು ಸ್ವಯಂಪ್ರೇರಿತವಾಗಿ ಕೈಗೆತ್ತಿಕೊಂಡ ಸುಪ್ರೀಂ ಕೋರ್ಟ್, 2025ರ ಡಿಸೆಂಬರಿನಲ್ಲಿ ದೇಶದ ಡಿಜಿಟಲ್ ಅರೆಸ್ಟ್ ಪ್ರಕರಣಗಳ ತನಿಖೆಯನ್ನು ಸಿಬಿಐಗೆ ಒಪ್ಪಿಸಿತು. ಹಣ ಹೋದ ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿದರೆ ಅದು ಮುಂದಿನ ಖಾತೆಗೆ ಜಾರುವ ಮೊದಲೇ ತಡೆಹಿಡಿಯುವ ಸಾಧ್ಯತೆಯಿದೆ; ಇಲ್ಲಿ ಪ್ರತಿ ನಿಮಿಷವೂ ಮುಖ್ಯ, ನಾಚಿಕೆಯಿಂದ ರಾತ್ರಿ ಕಳೆದರೆ ಹಣ ಸಿಗುವುದು ಕಷ್ಟ.

ಆದರೆ ದೊಡ್ಡ ಮೊತ್ತ ಹೋಗುವುದು ಹೆಚ್ಚಾಗಿ ಠೇವಣಿ ಮುರಿದು, ಎಷ್ಟೋ ಸಲ ಶಾಖೆಗೇ ಹೋಗಿ ಆರ್‌ಟಿಜಿಎಸ್ ಚೀಟಿ ತುಂಬಿ. ಎಪ್ಪತ್ತರ ಹರೆಯದವರೊಬ್ಬರು ನಡುಗುವ ಕೈಯಲ್ಲಿ, ಕಿವಿಗೆ ಫೋನು ಹಚ್ಚಿಕೊಂಡೇ, ಹಿಂದೆಂದೂ ಹಣ ಕಳುಹಿಸದ ಖಾತೆಗೆ ಜೀವಮಾನದ ಉಳಿತಾಯ ಕಳುಹಿಸಲು ಬಂದಾಗ ಕೌಂಟರಿನ ಹಿಂದೆ ಇರುವವರು ಎದ್ದು ಬಂದು ಪಕ್ಕದಲ್ಲಿ ಕೂರಬೇಕು. ಹಾಗೆ ಕೂತು ಮಾತನಾಡಿಸಿ ಗ್ರಾಹಕರನ್ನು ಉಳಿಸಿದ ಸಿಬ್ಬಂದಿ ದೇಶದ ಹಲವೆಡೆ ಇದ್ದಾರೆ, ಅವರ ಬಗ್ಗೆ ನನಗೆ ಅಪಾರ ಗೌರವವಿದೆ. ಇದನ್ನು ಅವರ ಒಳ್ಳೆಯತನಕ್ಕೆ ಬಿಡದೆ ನಿಯಮವಾಗಿಸಬೇಕು: ಹಿರಿಯರ ಖಾತೆಯಿಂದ ಹೊಸ ಖಾತೆಗೆ ಹೋಗುವ ದೊಡ್ಡ ಮೊತ್ತ ಒಂದು ದಿನ ತಡವಾಗಲಿ, ಅವರೇ ಮೊದಲು ಹೆಸರಿಸಿದ ಒಬ್ಬ ಮನೆಯವರಿಗೆ ಆ ಅವಧಿಯಲ್ಲಿ ಸುದ್ದಿ ಮುಟ್ಟಲಿ.

ನಮ್ಮ ರಾಜ್ಯದ ಮಟ್ಟಿಗೆ ಇನ್ನೊಂದು ಮಾತು ಹೇಳಬೇಕು. ದೇಶದ ಮೊದಲ ಸೈಬರ್ ಅಪರಾಧ ಠಾಣೆ 2001ರಲ್ಲಿ ಬೆಂಗಳೂರಿನಲ್ಲಿ ತೆರೆಯಿತು, ಈಗ ಜಿಲ್ಲೆಗಳಲ್ಲಿ ಸೈಬರ್, ಆರ್ಥಿಕ ಮತ್ತು ಮಾದಕ ವಸ್ತು ಅಪರಾಧಗಳನ್ನು ನೋಡಿಕೊಳ್ಳುವ ಸೆನ್ ಠಾಣೆಗಳಿವೆ. 2025ರ ಜುಲೈನಲ್ಲಿ ಆರಂಭವಾದ ಮನೆ ಮನೆಗೆ ಪೊಲೀಸ್ ಕಾರ್ಯಕ್ರಮದಲ್ಲಿ ಬೀಟ್ ಸಿಬ್ಬಂದಿ ಬಾಗಿಲಿಗೇ ಬಂದು ಮಾತನಾಡಿಸುತ್ತಾರೆ. ಆ ಭೇಟಿಯಲ್ಲಿ, ಒಂಟಿಯಾಗಿರುವ ಹಿರಿಯರ ಮನೆಯಲ್ಲಿ ಹತ್ತು ನಿಮಿಷ ಹೆಚ್ಚು ಕೂತು, ಠಾಣೆಯ ಸ್ಥಿರ ದೂರವಾಣಿ ಸಂಖ್ಯೆಯನ್ನು ದೊಡ್ಡ ಅಕ್ಷರದಲ್ಲಿ ಬರೆದುಕೊಟ್ಟು, ಪೊಲೀಸ್ ಎಂದು ಯಾರೇ ಕರೆ ಮಾಡಿದರೂ ಕಡಿದು ಈ ಸಂಖ್ಯೆಗೆ ಮಾಡಿ, ನಾನೇ ಬಂದು ನೋಡುತ್ತೇನೆ ಎಂದು ಹೇಳಿ ಹೋಗಬೇಕು ಎಂದು ನಮ್ಮ ಠಾಣೆಗೆ ಅರ್ಜಿ ಬರೆದಿದ್ದೇನೆ. ನೀವೂ ನಿಮ್ಮ ಠಾಣೆಗೆ ಬರೆಯಿರಿ.