ಜಗಲಿಯ ಒಂಟಿ ತಂತಿ: ಐದು ಭಾನುವಾರಗಳ ಲೆಕ್ಕ

ಮಕ್ಕಳ ಜೊತೆ ದನಿಯ ಪ್ರಯೋಗ ಮಾಡುವ ಐದನೇ ಭಾನುವಾರ ಮುಗಿಯಿತು. ಮರೆಯುವ ಮೊದಲು ಬರೆದಿಡುತ್ತಿದ್ದೇನೆ. ನಮ್ಮ ಬೀದಿಯ ಏಳು ಮಕ್ಕಳು, ಮೂರನೇ ಕ್ಲಾಸಿನಿಂದ ಏಳನೇ ಕ್ಲಾಸಿನವರೆಗೆ. ಜಾಗ ನಮ್ಮ ಮನೆ ಜಗಲಿ. ಬೆಳಿಗ್ಗೆ ಹತ್ತಕ್ಕೆ ಶುರು, ಹೊಟ್ಟೆ ಹಸಿಯುವವರೆಗೆ.

ಮೊದಲ ವಾರ ಬೇಕಾಗಿದ್ದು 30 ಸೆಂಟಿಮೀಟರಿನ ಒಂದು ಸ್ಟೀಲ್ ಸ್ಕೇಲ್ ಮಾತ್ರ. ಕಟ್ಟೆಯ ಅಂಚಿನಲ್ಲಿ ಒಂದು ತುದಿ ಒತ್ತಿ ಹಿಡಿದು ಇನ್ನೊಂದನ್ನು ಮೀಟುವುದು. ಜಾಸ್ತಿ ಉದ್ದ ಹೊರಗೆ ಬಿಟ್ಟರೆ ಸ್ಕೇಲು ಆಡುವುದು ಕಣ್ಣಿಗೆ ಕಾಣುತ್ತದೆ, ದನಿ ಕೇಳುವುದಿಲ್ಲ. ಒಳಗೆ ಎಳೆದುಕೊಳ್ಳುತ್ತ ಬಂದರೆ ಮೊದಲು ಗರ್ ಎನ್ನುತ್ತದೆ, ಆಮೇಲೆ ಟ್ರಿಣ್. "ಮಾಮ, ಈಗ ಜೋರಾಯ್ತು" ಎಂದ ಮೂರನೇ ಕ್ಲಾಸಿನವನು. ದನಿ ಏರಿತ್ತು, ಜೋರೇನೂ ಆಗಿರಲಿಲ್ಲ. ಈ ಗೊಂದಲ ಅವನೊಬ್ಬನದಲ್ಲ. "ಸ್ವಲ್ಪ ಮೇಲೆ ಹಾಡು" ಅಂದರೆ ದೊಡ್ಡವರೂ ಕೂಗುತ್ತಾರೆ, ಅಲ್ವಾ? ಹಾಗಾಗಿ ಆ ದಿನ ಬೇರೇನೂ ಮಾಡಲಿಲ್ಲ. ಅದೇ ಉದ್ದ, ಒಮ್ಮೆ ಮೆಲ್ಲಗೆ, ಒಮ್ಮೆ ಜೋರಾಗಿ. ಸ್ಕೇಲು ಎಷ್ಟು ಅಗಲಕ್ಕೆ ಆಡುತ್ತದೋ ಅಷ್ಟು ಜೋರು. ಸೆಕೆಂಡಿಗೆ ಎಷ್ಟು ಸಲ ಆಡುತ್ತದೆ ಅನ್ನುವುದು ಶ್ರುತಿ. ಇದನ್ನು ಹೇಳಿದ್ದು ಎಲ್ಲರೂ ಒಂದು ಗಂಟೆ ಮೀಟಿದ ಮೇಲೆ.

ಎರಡನೇ ವಾರ ಗಾಜಿನ ಬಾಟಲಿ. ಚಮಚದಿಂದ ತಟ್ಟಿದರೆ ನೀರು ಹೆಚ್ಚಿದಷ್ಟೂ ದನಿ ಇಳಿಯುತ್ತದೆ. ಅದೇ ಬಾಟಲಿಯ ಬಾಯಿಗೆ ಅಡ್ಡವಾಗಿ ಊದಿದರೆ ನೀರು ಹೆಚ್ಚಿದಷ್ಟೂ ಏರುತ್ತದೆ. ತಟ್ಟಿದಾಗ ನಡುಗುವುದು ಗಾಜು, ನೀರು ಅದಕ್ಕೆ ಹೊರೆ. ಊದಿದಾಗ ನಡುಗುವುದು ಒಳಗಿನ ಗಾಳಿ, ನೀರು ಬಂದಷ್ಟು ಅದರ ಜಾಗ ಕಡಿಮೆ. ಜಲತರಂಗದವರು ಬಟ್ಟಲಿಗೆ ನೀರು ಹಾಕಿ ಶ್ರುತಿ ಇಳಿಸುವುದು ಯಾಕೆ ಎಂದು ಮಕ್ಕಳೇ ಹೇಳಿದರು.

ಮೂರನೇ ವಾರದಿಂದ ತಂತಿ. ನನಗೆ ಇಷ್ಟವಾದ ಭಾಗ ಇದೇ. ಹಲಸಿನ ಹಲಗೆ, ಗಾಳಕ್ಕೆ ಕಟ್ಟುವ ತಂಗೂಸಿ ದಾರ, ಎರಡು ಮೊಳೆ, ಆಚೀಚೆ 60 ಸೆಂಟಿಮೀಟರ್ ದೂರದಲ್ಲಿ ಎರಡು ಮರದ ತುಂಡು. ವೀಣೆಯವರು ಇದಕ್ಕೆ ಕುದುರೆ ಅನ್ನುತ್ತಾರೆ. ಮಧ್ಯದಲ್ಲಿ ಜರುಗಿಸಲು ಪೆನ್ಸಿಲ್ ಕುದುರೆ. ಸರಿಯಾಗಿ 30ಕ್ಕೆ ಇಟ್ಟರೆ ಮೇಲಿನ ಸ ಬರಬೇಕು. ಬರಲಿಲ್ಲ, ಅದಕ್ಕಿಂತ ಏರಿತ್ತು. ಮಧ್ಯಾಹ್ನ ಪೂರ್ತಿ ಇದೇ ತಲೆಬಿಸಿ. ಪೆನ್ಸಿಲ್ ದಪ್ಪ ಇದ್ದುದರಿಂದ ದಾರ ಮೇಲೆದ್ದು ಇನ್ನಷ್ಟು ಬಿಗಿಯಾಗುತ್ತಿತ್ತು. ಉದ್ದ ಒಂದನ್ನೇ ಬದಲಿಸುತ್ತಿದ್ದೇನೆ ಅಂದುಕೊಂಡಿದ್ದೆ, ಬಿಗಿಯೂ ಬದಲಾಗುತ್ತಿತ್ತು. ಸಾಲದ್ದಕ್ಕೆ ತಂಗೂಸಿ ತಾನಾಗಿಯೇ ಹಿಗ್ಗಿ ಶ್ರುತಿ ಇಳಿಯುತ್ತಿತ್ತು.

ನಾಲ್ಕನೇ ವಾರ ಒಂದು ಮೊಳೆ ಕಿತ್ತೆ. ದಾರದ ಆ ತುದಿಗೆ ನೀರಿನ ಬಾಟಲಿ ನೇತುಹಾಕಿದೆ. ಹಲಗೆಯ ಅಂಚಿಗೆ ದಾರ ಉಜ್ಜಿದರೆ ತೂಕ ಪೂರ್ತಿ ಬೀಳುವುದಿಲ್ಲ, ಅದಕ್ಕೆ ಸೈಕಲ್ ಅಂಗಡಿಯಿಂದ ಒಂದು ಹಳೇ ಬೇರಿಂಗ್ ತಂದು ರಾಟೆ ಮಾಡಿದೆ. ಈಗ ದಾರ ಹಿಗ್ಗಿದರೂ ಎಳೆತ ಅಷ್ಟೇ. ಹಲಗೆಯನ್ನು ಖಾಲಿ ಸ್ಟೀಲ್ ಡಬ್ಬದ ಮೇಲೆ ಇಟ್ಟಾಗ ದನಿ ತುಂಬಿ ಬಂತು. "ಜೋರಾಯ್ತು, ಏರಲಿಲ್ಲ" ಎಂದ ಮೂರನೇ ಕ್ಲಾಸಿನವನು. ಕೇಳಿ ನನಗೆ ಕಣ್ಣು ತುಂಬಿತು.

ಬಾಟಲಿಯ ತೂಕವೂ ಸೇರಿ ಅರ್ಧ ಕೆಜಿ. ಅಡುಗೆಮನೆಯ ತಕ್ಕಡಿಯಲ್ಲಿ ನೋಡಿದ್ದು. ಆ ದನಿಯನ್ನು ಸ ಎಂದು ಇಟ್ಟುಕೊಂಡು, ಮೊಬೈಲಿನ ಶ್ರುತಿ ಪೆಟ್ಟಿಗೆಯನ್ನು ಅದಕ್ಕೆ ಸೇರಿಸಿದೆವು. ತೂಕ ಎರಡು ಪಟ್ಟು ಮಾಡಿದರೆ? ಏಳೂ ಜನ ಮೇಲಿನ ಸ ಎಂದರು. ಒಂದು ಕೆಜಿ ಹಾಕಿ ಮೀಟಿದರೆ ಬಂದದ್ದು ಪ್ರತಿ ಮಧ್ಯಮದ, ಅಂದರೆ ಮ ಮತ್ತು ಪ ನಡುವಿನ ಸ್ವರದ, ಹತ್ತಿರದ ದನಿ. ಒಬ್ಬಳು ತಕ್ಕಡಿಯೇ ಸರಿ ಇಲ್ಲ ಎಂದಳು. ಒಂದೂವರೆ ಕೆಜಿಗೂ ಸ ಸಿಗಲಿಲ್ಲ. ಎರಡು ಕೆಜಿಗೆ ಪೆಟ್ಟಿಗೆಯ ಜೊತೆ ದನಿ ಕೂಡಿಕೊಂಡಿತು. ಮೇಲಿನ ಸ ಅಂದರೆ ಎರಡು ಪಟ್ಟು ಶ್ರುತಿ. ಶ್ರುತಿ ಎರಡು ಪಟ್ಟಾಗಲು ಎಳೆತ ನಾಲ್ಕು ಪಟ್ಟು ಬೇಕು. 16ನೇ ಶತಮಾನದ ಇಟಲಿಯಲ್ಲಿ ಗೆಲಿಲಿಯೋನ ಅಪ್ಪ ವಿನ್ಚೆಂಜೊ ಗೆಲಿಲಿ ತಂತಿಗೆ ತೂಕ ಕಟ್ಟಿ ಇದನ್ನೇ ಕಂಡಿದ್ದ. ಆತ ಲ್ಯೂಟ್ ಎಂಬ ತಂತಿವಾದ್ಯ ನುಡಿಸುವವನು. ಅಲ್ಲಿಯವರೆಗೆ ಎರಡು ಪಟ್ಟು ಸಾಕು ಎಂಬ ಮಾತೇ ಪುಸ್ತಕದಿಂದ ಪುಸ್ತಕಕ್ಕೆ ನಡೆದು ಬಂದಿತ್ತು.

ಇವತ್ತಿನದು. ಪೆನ್ಸಿಲ್ ಬದಲು ತೆಳು ಬಿದಿರಿನ ಕುದುರೆ. ಹಲಗೆಯ ಮೇಲೆ ಸ್ವರಗಳ ಗುರುತು ಮೊದಲೇ ಹಾಕಿಟ್ಟಿದ್ದೆ, ಮೀಟುವ ದಾರದ ಉದ್ದ ಸೆಂಟಿಮೀಟರಿನಲ್ಲಿ: ರಿ 53.3, ಗ 48, ಮ 45, ಪ 40, ದ 36, ನಿ 32, ಮೇಲಿನ ಸ 30. ಸಂಗೀತಕ್ಕೆ ಹೋಗುವ ಐದನೇ ಕ್ಲಾಸಿನ ಹುಡುಗಿ ಸ ಮೀಟಿದಳು, ರಿ ಮೀಟಿದಳು, ನಿಲ್ಲಿಸಿದಳು.

"ಮಾಮ, ಇದು ನಮ್ಮ ರಿ ಅಲ್ಲ."

ನನ್ನ ಗುರುತು ಶಂಕರಾಭರಣ ರಾಗದ್ದು. ಅವಳ ಕಿವಿಯಲ್ಲಿ ಇರುವುದು ಸಂಗೀತದ ಮೊದಲ ಪಾಠವಾದ ಸರಳೆ ವರಸೆ, ಅಂದರೆ ಮಾಯಾಮಾಳವಗೌಳ ರಾಗ. ಏನೂ ಹೇಳದೆ ಸುಮ್ನೆ ಕುಳಿತೆ. ಅವಳು ಬಾಯಲ್ಲಿ ಸ ರಿ ಎನ್ನುತ್ತ, ಕುದುರೆಯನ್ನು ಉಗುರಿನಿಂದ ಕೂದಲೆಳೆಯಷ್ಟೇ ತಳ್ಳುತ್ತ, ಮೀಟುತ್ತ ಹೋದಳು. ಕುದುರೆ ನಿಂತ ಜಾಗ 56ರಿಂದ ಸ್ವಲ್ಪ ಆಚೆ. ಲೆಕ್ಕದ ಪ್ರಕಾರ 60ರ ಹದಿನಾರರಲ್ಲಿ ಹದಿನೈದು ಪಾಲು, 56.25. ದ ಕೂಡ ಹೀಗೇ ಹುಡುಕಿದಳು, 37 ಮತ್ತು 38ರ ನಡುವೆ. ಲೆಕ್ಕದಲ್ಲಿ 37.5. ಗ, ಮ, ಪ, ನಿ ಮುಟ್ಟಲೇ ಇಲ್ಲ, ಅವು ಎರಡೂ ರಾಗಕ್ಕೆ ಒಂದೇ. ನಾನು ಸ್ಕೇಲ್ ಹಿಡಿದು ಬರೆದ ಗೆರೆಯನ್ನು ಅವಳು ಕಿವಿಯಿಂದ ತಿದ್ದಿದಳು. ಈಗ ಹಲಗೆಯಲ್ಲಿ ಕಪ್ಪು ಗೆರೆಯ ಪಕ್ಕ ಅವಳ ಎರಡು ಕೆಂಪು ಗೆರೆ ಇವೆ.

ಮುಂದಿನ ವಾರ ಮೃದಂಗ. ಎಡಗಡೆಯ ಚರ್ಮಕ್ಕೆ ರವೆ ಹಚ್ಚಿದರೆ ದನಿ ಯಾಕೆ ಇಳಿಯುತ್ತದೆ ಎನ್ನುವುದಕ್ಕೆ ಬಾಟಲಿ ತಟ್ಟಿದವರಿಗೆ ಉತ್ತರ ಹೊಳೆಯಬಹುದು. ಬಲಗಡೆಯ ಕರಣೆ, ಅಂದರೆ ನಡುವಿನ ಕಪ್ಪು ಲೇಪ, ಕಷ್ಟ. ಬರೀ ಚರ್ಮದ ಉಪಸ್ವರಗಳು, ಅಂದರೆ ಮೂಲ ದನಿಯ ಜೊತೆಗೇ ಏಳುವ ಮೇಲಿನ ದನಿಗಳು, ಒಂದಕ್ಕೊಂದು ಹೊಂದುವುದಿಲ್ಲ, ಕರಣೆ ಅವನ್ನು ಹೊಂದಿಸುತ್ತದೆ. ಸಿ. ವಿ. ರಾಮನ್ 1920ರಲ್ಲೇ ಇದನ್ನು ಬರೆದಿದ್ದರು. ಮಕ್ಕಳಿಗೆ ತೋರಿಸುವ ದಾರಿ ಇನ್ನೂ ಹುಡುಕುತ್ತಿದ್ದೇನೆ.

ಹೊರಡುವಾಗ ಏಳನೇ ಕ್ಲಾಸಿನವನು ಕೇಳಿದ: ಕುದುರೆ ಜರುಗಿಸದೆ, ನೀರು ಹಾಕಿಯೇ ಪ ಬರಿಸಲು ಆಗುತ್ತಾ? ಬಾಟಲಿಗೆ ಲೋಟದಿಂದ ಹನಿಹನಿಯಾಗಿ ಸುರಿಯುತ್ತ, ಮೀಟುತ್ತ, ಕಿವಿಗೆ ಸರಿ ಅನಿಸಿದಲ್ಲಿ ನಿಲ್ಲಿಸಿದರು. ತಕ್ಕಡಿ 1130 ಗ್ರಾಂ ತೋರಿಸಿತು. ಪ ಅಂದರೆ ಸದ ಒಂದೂವರೆ ಪಟ್ಟು ಶ್ರುತಿ. ಒಂದೂವರೆಯನ್ನು ಒಂದೂವರೆಯಿಂದ ಗುಣಿಸಿ, ಅದರಿಂದ ಅರ್ಧ ಕೆಜಿಯನ್ನು ಗುಣಿಸಿದರೆ 1125. ಅವನು ಆ ಲೆಕ್ಕವನ್ನು ಕೈ ಮೇಲೆ ಪೆನ್ನಿನಲ್ಲಿ ಬರೆದುಕೊಂಡು ಮನೆಗೆ ಓಡಿದ.