ನವಲಗುಂದ, ನರಗುಂದ, ಯಮನೂರು: ಗುಂಪು ಚದುರಿದ ಮೇಲೂ ಬಿದ್ದ ಲಾಠಿ

ಜುಲೈ 21, 2025, ಸೋಮವಾರ

ಇವತ್ತು ರೈತ ಹುತಾತ್ಮ ದಿನ. ಪ್ರತಿ ವರ್ಷ ಈ ದಿನ ಎಲ್ಲ ಪಕ್ಷದವರೂ, ಹಸಿರು ಶಾಲಿನ ಎಲ್ಲ ಬಣದವರೂ ನರಗುಂದದ ವೀರಗಲ್ಲಿಗೆ ಹಾರ ಹಾಕುತ್ತಾರೆ. ಗೋಲಿಬಾರ್ ಮಾಡಿದ್ದು ಯಾವ ಸರ್ಕಾರ ಅನ್ನುವುದು ಭಾಷಣದಲ್ಲಿ ಬರುತ್ತದೆ. ಗೋಲಿಬಾರ್ ಯಾಕಾಯಿತು, ಅದನ್ನು ತಪ್ಪಿಸಬಹುದಿತ್ತೇ ಅನ್ನುವುದು ಬರುವುದಿಲ್ಲ. ನನಗೆ ಬೇಕಾದದ್ದು ಆ ಎರಡನೆಯ ಮಾತು.

1980ರಲ್ಲಿ ಮಲಪ್ರಭಾ ಕಾಲುವೆ ಬಂದಿತ್ತು, ಎಲ್ಲರ ಹೊಲಕ್ಕೂ ನೀರು ಬಂದಿರಲಿಲ್ಲ. ಆದರೂ ಬೆಟರ್‌ಮೆಂಟ್ ಲೆವಿಯ, ಅಂದರೆ ನೀರಾವರಿಯಿಂದ ಜಮೀನಿನ ಬೆಲೆ ಏರಿತೆಂದು ಹಾಕುವ ಕರದ, ನೋಟಿಸು ಮನೆಗೆ ಬರುತ್ತಿತ್ತು. ಸಾಲ ಮಾಡಿ ವರಲಕ್ಷ್ಮಿ ಹತ್ತಿ ಹಾಕಿದವರ ಕೈಗೆ ರೇಟು ಸಿಗಲಿಲ್ಲ. ಜುಲೈ 21ರಂದು ರೈತರು ನವಲಗುಂದ, ನರಗುಂದಗಳಲ್ಲಿ ಸರ್ಕಾರಿ ಕಚೇರಿಗಳ ಮುಂದೆ ಕೂಡಿದರು. ಪೊಲೀಸರ ಗುಂಡಿಗೆ ಅಳಗವಾಡಿಯ ಬಸಪ್ಪ ಲಕ್ಕುಂಡಿ, ಚಿಕ್ಕನರಗುಂದದ ವೀರಪ್ಪ ಕಡ್ಲಿಕೊಪ್ಪ ಸತ್ತರು. ಸಿಟ್ಟಿಗೆದ್ದ ಜನರ ಕೈಯಲ್ಲಿ ನರಗುಂದದಲ್ಲಿ ಪೊಲೀಸರೂ ಪ್ರಾಣ ಕಳಕೊಂಡರು. ಅವರಿಗೂ ಮನೆಮಂದಿ ಇದ್ದರು. ಅವರ ಹೆಸರನ್ನು ಯಾವ ಭಾಷಣದಲ್ಲೂ ಹೇಳುವುದಿಲ್ಲ, ನನಗೆ ಅದು ಸರಿ ಅನ್ನಿಸುವುದಿಲ್ಲ. ಅದೇ ವರ್ಷ ರೈತ ಸಂಘ ಹುಟ್ಟಿತು. 1983ರ ಚುನಾವಣೆಯಲ್ಲಿ ಮುಖ್ಯಮಂತ್ರಿ ಗುಂಡೂರಾವ್ ಸರ್ಕಾರ ಹೋಯಿತು.

ಇಷ್ಟು ನಡೆದ ನೆಲದಲ್ಲೇ, 36 ವರ್ಷದ ಮೇಲೆ, ಯಮನೂರು ನಡೆಯಿತು.

ನಮ್ಮ ಕಡೆಯವರಿಗೆ ಯಮನೂರು ಎಂದರೆ ಬೆಣ್ಣಿಹಳ್ಳದ ದಂಡೆಯ ದರ್ಗಾ, ಜಾತ್ರೆ. ಹಿಂದೂ, ಮುಸ್ಲಿಂ ಇಬ್ಬರೂ ನಡಕೊಳ್ಳುವ, ಹಳ್ಳದ ನೀರಿನಿಂದ ದೀಪ ಹಚ್ಚುತ್ತಾರೆಂದು ಹೆಸರಾದ ಊರು. 2016ರ ಜುಲೈ 27ರಂದು ಮಹದಾಯಿ ನದಿಯ ನೀರನ್ನು ರಾಜ್ಯಗಳಿಗೆ ಹಂಚಲು ನೇಮಿಸಿದ್ದ ನ್ಯಾಯಮಂಡಳಿ, ಆ ನದಿಯಿಂದ ಮಲಪ್ರಭೆಗೆ 7.56 ಟಿಎಂಸಿ ಅಡಿ ನೀರು ಕೊಡಿ ಎಂಬ ಕರ್ನಾಟಕದ ಮಧ್ಯಂತರ ಅರ್ಜಿಯನ್ನು ತಳ್ಳಿಹಾಕಿತು. ಒಂದು ವರ್ಷದಿಂದ ನರಗುಂದದಲ್ಲಿ ಧರಣಿ ಕೂತಿದ್ದ ಜನ. ನವಲಗುಂದದಲ್ಲಿ ಸರ್ಕಾರಿ ಕಚೇರಿಗಳಿಗೆ ಕಲ್ಲು ಬಿತ್ತು, ಬೆಂಕಿ ಬಿತ್ತು. ಇದನ್ನು ಮುಚ್ಚಿಟ್ಟು ಬರೆಯಲಾರೆ. ಆ ಹೊತ್ತಿನಲ್ಲಿ, ಆ ಜಾಗದಲ್ಲಿ ಪೊಲೀಸರು ಲಾಠಿ ಬೀಸಿದ್ದರೆ ಅದಕ್ಕೊಂದು ಕಾರಣ ಇತ್ತು.

ಯಮನೂರಿನ ಮನೆಗಳಲ್ಲಿ ಆ ಕಾರಣ ಇರಲಿಲ್ಲ. ಪೊಲೀಸರು ಊರಿಗೆ ನುಗ್ಗಿ ಹೆಂಗಸರನ್ನು, ಮುದುಕರನ್ನು ಎಳೆದು ಬಡಿದದ್ದನ್ನು ಇಡೀ ರಾಜ್ಯ ಟಿವಿಯಲ್ಲಿ ನೋಡಿತು. ಹಿಡಿದವರನ್ನು ಬಳ್ಳಾರಿ, ಚಿತ್ರದುರ್ಗದ ಜೈಲಿಗೆ ಒಯ್ದರು. ವಿಡಿಯೋ ಇದ್ದುದರಿಂದ ಕೆಲವು ಪೊಲೀಸರ ಅಮಾನತು ಆಯಿತು. ವಿಡಿಯೋ ಇಲ್ಲದಿದ್ದರೆ ಅದು ಕಡತದಲ್ಲಿ ಇನ್ನೊಂದು ‘ಲಘು ಲಾಠಿ ಪ್ರಹಾರ’ ಆಗಿ ಮುಗಿಯುತ್ತಿತ್ತು.

ಕೋರ್ಟಿನಿಂದ ಬಂದ ಮೇಲೆ ಇವತ್ತು ಗುಂಪು ಚದುರಿಸುವ ಕಾನೂನನ್ನು ಮತ್ತೆ ತೆಗೆದು ಓದಿದೆ. ಆಗ ದಂಡ ಪ್ರಕ್ರಿಯಾ ಸಂಹಿತೆ ಎಂಬ ಸಿಆರ್‌ಪಿಸಿ 129, 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಕಲಂ 148. ಐದು ಅಥವಾ ಹೆಚ್ಚು ಜನ ಕೂಡಿ ಶಾಂತಿಗೆ ಭಂಗ ಬರುವಂತಿದ್ದರೆ, ಚದುರಿ ಎಂದು ಮೊದಲು ಆಜ್ಞೆ ಮಾಡಬೇಕು. ಆಜ್ಞೆ ಮಾಡುವ ಅಧಿಕಾರ ಕಾರ್ಯನಿರ್ವಾಹಕ ಮ್ಯಾಜಿಸ್ಟ್ರೇಟರಿಗೆ, ಠಾಣಾಧಿಕಾರಿಗೆ, ಅವರಿಲ್ಲದಿದ್ದರೆ ಪಿಎಸ್‌ಐ ದರ್ಜೆಗೆ ಕಡಿಮೆಯಿಲ್ಲದ ಅಧಿಕಾರಿಗೆ. ಜನ ಚದುರದಿದ್ದರೆ, ಚದುರುವುದಿಲ್ಲ ಎಂದು ನಡತೆಯಿಂದ ತೋರಿಸಿದರೆ, ಬಲ ಬಳಸಬಹುದು, ಬಂಧಿಸಬಹುದು. ಬಲದ ಉದ್ದೇಶ ಒಂದೇ: ಗುಂಪು ಚದುರಬೇಕು. ಚದುರಿತೋ, ಅಲ್ಲಿಗೆ ಆ ಅಧಿಕಾರ ಮುಗಿಯಿತು. ಓಡುವವನ ಬೆನ್ನಿಗೆ, ಬಿದ್ದವನ ತಲೆಗೆ, ಮನೆಯೊಳಗೆ ಕೂತ ಮುದುಕಿಗೆ ಬೀಳುವ ಏಟು ಯಾವ ಕಲಮಿನಲ್ಲೂ ಇಲ್ಲ. ಕಲ್ಲು ಎಸೆದವನು ಗೊತ್ತಿದ್ದರೆ ಹಿಡಿಯಿರಿ, ಕೇಸು ಹಾಕಿ, ಕೋರ್ಟಿಗೆ ತನ್ನಿ. ಶಿಕ್ಷೆ ಕೊಡುವ ಕೆಲಸ ಲಾಠಿಯದಲ್ಲ.

ಇದು ನನ್ನೊಬ್ಬಳ ವಾದವಲ್ಲ. ಯಮನೂರಿನ ಘಟನೆಯಾಗಿ ಸುಮಾರು ಎರಡು ವಾರಕ್ಕೆ, 2016ರ ಆಗಸ್ಟ್ 12ರಂದು, ಸುಪ್ರೀಂ ಕೋರ್ಟು ಅನಿತಾ ಠಾಕೂರ್ ಪ್ರಕರಣದಲ್ಲಿ ತೀರ್ಪು ಕೊಟ್ಟಿತು. ಅದು ಜಮ್ಮುವಿನ ವಲಸಿಗರ 2007ರ ಮೆರವಣಿಗೆಯದು. ಮೆರವಣಿಗೆ ಹಿಂಸೆಗೆ ತಿರುಗಿದಾಗ ಪೊಲೀಸರು ಬಲ ಬಳಸಿದ್ದನ್ನು ಕೋರ್ಟು ಒಪ್ಪಿತು. ಪರಿಸ್ಥಿತಿ ಕೈಗೆ ಬಂದ ಮೇಲೂ ಹೊಡೆದದ್ದನ್ನು ಒಪ್ಪಲಿಲ್ಲ. ಹೊಡೆತ ತಿಂದ ಅರ್ಜಿದಾರರಿಗೆ ಸರ್ಕಾರವೇ ಪರಿಹಾರ ಕೊಡಲಿ ಎಂದಿತು. ನಮ್ಮ ಊರುಗಳಿಗಾಗಿಯೇ ಬರೆದಂತಿರುವ ಈ ತೀರ್ಪು ನಮ್ಮ ಜನಕ್ಕೆ ಗೊತ್ತೇ ಇಲ್ಲ ಅನ್ನುವುದು ನನ್ನ ಸಂಕಟ.

ಇನ್ನೊಂದು ಸಂಕಟ ಅದೇ ಸುರಕ್ಷಾ ಸಂಹಿತೆಯ ಕಲಂ 151. ಗುಂಪು ಚದುರಿಸುವಾಗ ಮಾಡಿದ ಕೃತ್ಯಕ್ಕೆ ಪೊಲೀಸರ ಮೇಲೆ ಮೊಕದ್ದಮೆ ಹೂಡಬೇಕಾದರೆ ರಾಜ್ಯ ಸರ್ಕಾರದ ಮಂಜೂರಾತಿ ಬೇಕು. ಬಂದೋಬಸ್ತಿಗೆ ಕಳಿಸುವುದೂ ಸರ್ಕಾರ, ಮಂಜೂರಾತಿ ಕೊಡಬೇಕಾದದ್ದೂ ಅದೇ. ಹಾಗಾಗಿ ಅಮಾನತು, ತನಿಖೆ, ಆಯೋಗ ಇವುಗಳಲ್ಲೇ ವರ್ಷಗಳು ಹೋಗುತ್ತವೆ. 2008ರ ಜೂನ್ 10ರಂದು ಹಾವೇರಿಯಲ್ಲಿ ಗೊಬ್ಬರ ಕೇಳಿದವರ ಮೇಲೆ ಗುಂಡು ಹಾರಿತು, ಇಬ್ಬರು ರೈತರು ಸತ್ತರು. 2019ರ ಡಿಸೆಂಬರ್ 19ರಂದು ಮಂಗಳೂರಿನಲ್ಲಿ ಪೌರತ್ವ ಕಾಯ್ದೆ ವಿರೋಧದ ಪ್ರತಿಭಟನೆಯ ವೇಳೆ ಪೊಲೀಸರ ಗುಂಡಿಗೆ ಮತ್ತಿಬ್ಬರು ಸತ್ತರು. ಪಕ್ಷ ಯಾವುದೇ ಇರಲಿ, ಕುರ್ಚಿಯಲ್ಲಿ ಇದ್ದಾಗ ಎಲ್ಲರೂ ಹೇಳುವುದು ಅನಿವಾರ್ಯವಾಗಿತ್ತು ಎಂದೇ.

ಸಂಜೆ ಅಕ್ಕನ ಮಗ ಬಂದಿದ್ದ. ಪಿಎಸ್‌ಐ ಪರೀಕ್ಷೆಗೆ ಓದುತ್ತಿದ್ದಾನೆ, 148 ಅವನಿಗೆ ಬಾಯಿಪಾಠ. ಯಮನೂರಿನ ವಿಡಿಯೋ ತೋರಿಸಿದೆ. ಅದಾದಾಗ ಅವನು ಇನ್ನೂ ಸಾಲಿ ಹುಡುಗ. ಪೂರ್ತಿ ನೋಡಿ ಕೇಳಿದ:

“ಮ್ಯಾಲಿನವ್ರು ಒಳಗ ಹೊಕ್ಕು ಹೊಡೀರಿ ಅಂದ್ರ ನಾ ಏನ್ ಮಾಡ್ಬೇಕು ಚಿಗವ್ವಾ?”

ಸುಮ್ಮನೆ ಕೇಳಿದ ಪ್ರಶ್ನೆಯಲ್ಲ ಅದು. ಬೇರೆ ಜಿಲ್ಲೆಯಿಂದ ರಾತ್ರೋರಾತ್ರಿ ವ್ಯಾನಿನಲ್ಲಿ ಬಂದು, ಊಟ ನಿದ್ದೆ ಇಲ್ಲದೆ ನಿಂತ ರಾಜ್ಯ ಮೀಸಲು ಪೊಲೀಸ್ ಪಡೆಯ, ಅಂದರೆ ಕೆಎಸ್‌ಆರ್‌ಪಿ ಹುಡುಗರಲ್ಲಿ ಎಷ್ಟೋ ಮಂದಿ ರೈತರ ಮಕ್ಕಳೇ. ಅವನನ್ನು ಕೂರಿಸಿಕೊಂಡು 151ನ್ನು ಪೂರ್ತಿ ಓದಿಸಿದೆ. ಪೊಲೀಸ್ ಅಧಿಕಾರಿಗೆ ಆ ಕಲಂ ಕೊಡುವ ರಕ್ಷಣೆ ಸದ್ಭಾವನೆಯಿಂದ ಮಾಡಿದ ಕೆಲಸಕ್ಕೆ ಮಾತ್ರ.

“ಗುಂಪು ಚದುರಿಸೋ ಆಜ್ಞೆ ಪಾಲಸು,” ಅಂದೆ. “ಮನಿ ಹೊಕ್ಕು ಹೊಡಿಯೋದು ಆ ಆಜ್ಞಾದಾಗ ಬರೂದಿಲ್ಲ. ಹೊಡೀರಿ ಅಂತ ಯಾರರ ಅಂದ್ರ, ಬರದು ಕೊಡ್ರಿ ಸರ್ ಅನ್ನು.”

“ಬರದು ಕೊಡೂದಿಲ್ಲ ಅವ್ರು.”

“ಕೊಡೂದಿಲ್ಲ. ಆಗ ನೀ ಹೊಡೀಬ್ಯಾಡ.”