ತಿಪ್ಪೆಯಿಂದ ಬೂದಿದಿಬ್ಬಕ್ಕೆ

ಬೇಸಿಗೆ ರಜೆಗೆ ಬಂದಿದ್ದ ಅಣ್ಣನ ಮಕ್ಕಳಿಬ್ಬರಿಗೆ ಕುಡತಿನಿಯ ಬೂದಿದಿಬ್ಬವನ್ನು ತೋರಿಸಬೇಕೆಂದುಕೊಂಡಾಗ, ಮೊದಲು ಅವರನ್ನು ಕರೆದೊಯ್ದದ್ದು ನಮ್ಮ ಹಿತ್ತಲಿನ ತಿಪ್ಪೆಯ ಬಳಿಗೆ. ಹೊಲಕ್ಕೆ ಗೊಬ್ಬರ ಹೊಡೆಯಲು ಅದರ ಒಂದು ಮಗ್ಗುಲನ್ನು ಆಗಲೇ ಕಡಿದಿದ್ದರಿಂದ ಪದರಗಳು ಸ್ಪಷ್ಟವಾಗಿದ್ದವು: ಮೇಲೆ ಯುಗಾದಿಯ ಒಣಗಿದ ಮಾವಿನ ತೋರಣ, ಅದರಡಿಯಲ್ಲಿ ಸಂಕ್ರಾಂತಿಯ ಕಬ್ಬಿನ ಸಿಪ್ಪೆ, ಇನ್ನೂ ಕೆಳಗೆ ದೀಪಾವಳಿಯ ಒಡೆದ ಹಣತೆ. ಯಾವುದು ಮೊದಲು ಬಿದ್ದದ್ದು ಎಂದು ಕೇಳಿದರೆ, ಕಿರಿಯವಳು ತಡಮಾಡದೆ ಹಣತೆಯನ್ನು ತೋರಿಸಿದಳು. ಉತ್ಖನನ ಮಾಡುವವರು ನೆಲವನ್ನು ಓದುವ ಮೂಲ ಕ್ರಮವೂ ಇದೇ. ಆ ಹಣತೆಯನ್ನು ಕಿತ್ತು ಜೇಬಿಗೆ ಹಾಕಿಕೊಂಡರೆ ಅದು ಯಾವ ಪದರದ್ದೆಂಬ ಸಾಕ್ಷ್ಯವೇ ಅಳಿಯುತ್ತದೆ ಎಂಬುದನ್ನು ಅಲ್ಲಿಯೇ ವಿವರಿಸಿದೆ.

ಕುಡತಿನಿ ಇರುವುದು ಬಳ್ಳಾರಿಯಿಂದ ಹೊಸಪೇಟೆಗೆ ಹೋಗುವ ದಾರಿಯಲ್ಲಿ. ಅಲ್ಲಿನ ಬೂದಿ ಭೀಮನು ಕೊಂದ ಹಿಡಿಂಬಾಸುರನದೆಂದು ಜನ ಹಿಂದಿನಿಂದಲೂ ಹೇಳುತ್ತ ಬಂದಿದ್ದಾರೆ. ಈ ಕಥೆಯನ್ನು ಮಕ್ಕಳಿಗೆ ಮೊದಲೇ ಹೇಳಿದೆ. ಇಷ್ಟೊಂದು ಬೂದಿ ಎಲ್ಲಿಂದ ಬಂತೆಂಬ ಪ್ರಶ್ನೆ ಅದರೊಳಗೇ ಇದೆ. ಇದು ಸಗಣಿ ಸುಟ್ಟ ಬೂದಿಯೆಂದು 19ನೆಯ ಶತಮಾನದಲ್ಲಿ ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ವಾದಿಸಿದರು. 1957ರಲ್ಲಿ ಪುರಾತತ್ವಜ್ಞ ಎಫ್. ಆರ್. ಆಲ್ಚಿನ್ ಅವರು ಈಗಿನ ತೆಲಂಗಾಣದ ಉಟ್ನೂರಿನಲ್ಲಿ ಇಂಥದೇ ದಿಬ್ಬವನ್ನು ಅಗೆದಾಗ, ದೊಡ್ಡಿಯ ಬೇಲಿಗೆ ನೆಟ್ಟ ಕಂಬಗಳ ಕುಳಿಗಳೂ ದನಗಳ ಗೊರಸಿನ ಗುರುತುಗಳೂ ಹೊರಬಂದವು. ನವಶಿಲಾಯುಗದ ದನಗಾಹಿಗಳು ರಾಸುಗಳನ್ನು ಕೂಡಿಹಾಕುತ್ತಿದ್ದ ದೊಡ್ಡಿಗಳಲ್ಲಿ ಶೇಖರವಾದ ಸಗಣಿಯನ್ನು ಮತ್ತೆ ಮತ್ತೆ ಸುಟ್ಟದ್ದರಿಂದ ಈ ದಿಬ್ಬಗಳು ಬೆಳೆದವು.

ಮಕ್ಕಳಿಗೆ ಇತಿಹಾಸವನ್ನು ರಾಜರ ವಂಶಾವಳಿಯಿಂದ ಆರಂಭಿಸುವುದು ನನಗೆ ಒಪ್ಪಿಗೆಯಾಗದ ಕ್ರಮ. ಕೊಟ್ಟಿಗೆಯ ವಾಸನೆ ಗೊತ್ತಿರುವ ಮಗುವಿಗೆ ನಾಲ್ಕು ಸಾವಿರ ವರ್ಷಗಳ ಹಿಂದಿನ ದೊಡ್ಡಿ ದೂರದ್ದೆನಿಸುವುದಿಲ್ಲ. ಆ ದನಗಾಹಿಗಳು ಏನು ಉಣ್ಣುತ್ತಿದ್ದರು ಎಂದು ಹಿರಿಯವನು ಕೇಳಿದ. ಬಳ್ಳಾರಿ ಪಕ್ಕದ ಸಂಗನಕಲ್ಲಿನ ನೆಲೆಯಲ್ಲಿ ಸುಟ್ಟು ಕರಕಾದ ಹುರುಳಿ, ಹೆಸರು, ಕೊರಲೆಯ ಕಾಳುಗಳು ಸಿಕ್ಕಿವೆಯೆಂದಾಗ, ಹಿಂದಿನ ರಾತ್ರಿ ಅಜ್ಜಿ ಬಡಿಸಿದ ಹುರುಳಿ ಸಾರನ್ನು ಅವನೇ ನೆನಪಿಸಿದ.

ದಿಬ್ಬದ ಅಂಚಿನಲ್ಲಿ ಅವನ ಕಾಲಿಗೆ ಬೂದುಬಣ್ಣದ ಮಡಕೆಯ ಚೂರೊಂದು ತಗುಲಿತು. ಬಾಗಿ, ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡೇ ನೋಡಿ, ಅದು ಬಿದ್ದಿದ್ದ ಜಾಗವನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡ. ಮರುದಿನ ಬೆಳಿಗ್ಗೆ ನಾನು ಏಳುವಷ್ಟರಲ್ಲಿ ಇಬ್ಬರೂ ನೀರಿನ ತೊಟ್ಟಿಯ ಪಕ್ಕದ ಕೆಸರಿನಲ್ಲಿ ಕುಕ್ಕರಗಾಲಲ್ಲಿ ಕುಳಿತು, ಹಸುವಿನ ಗೊರಸಿನ ಗುರುತನ್ನೂ ಕರುವಿನದನ್ನೂ ಸ್ಕೇಲಿನಿಂದ ಅಳೆಯುತ್ತಿದ್ದರು.